ಚೀನಾದ ಬೇರು, ಸಿಂದಗಿಯ ಮೂಲಂಗಿ

ಜ್ವರ ಬಂದು ಹೋದವರ ಮನೆಗೆ ಬರಿಗೈಯಲ್ಲಿ ಹೋದರೂ ನಡೆಯುತ್ತದೆ, ಬರಿಬಾಯಲ್ಲಿ ಹೋಗುವುದು ಮಾತ್ರ ನಮ್ಮ ಕಡೆ ಮರ್ಯಾದೆಯಲ್ಲ. ಹಾಸಿಗೆಯ ಪಕ್ಕ ಕುಳಿತವರೆಲ್ಲ ಒಂದೊಂದು ಶಕ್ತಿಯ ಔಷಧ ಹೇಳಿಯೇ ಏಳಬೇಕು. ಒಬ್ಬರು ಅಳವಿ ಪಾಯಸ ಅನ್ನುತ್ತಾರೆ, ಇನ್ನೊಬ್ಬರು ಅಂಟಿನ ಉಂಡಿ ಅನ್ನುತ್ತಾರೆ, ಮತ್ತೊಬ್ಬರು ಹಾಲಿನಲ್ಲಿ ನೆನೆಸಿದ ಉತ್ತತ್ತಿಯಿಂದಲೇ ತಮ್ಮ ತಾತ ತೊಂಬತ್ತು ದಾಟಿದ ಕಥೆ ಹೇಳುತ್ತಾರೆ. ರೋಗಿ ಎಲ್ಲದಕ್ಕೂ ತಲೆಯಾಡಿಸಿ ಆಡಿಸಿ ಮತ್ತಷ್ಟು ದಣಿಯುತ್ತಾನೆ. ನಾನೂ ಈ ಗುಂಪಿನವನೇ. ಸಲಹೆ ಕೊಡದೆ ಎದ್ದು ಬಂದ ದಿನ ನನಗೆ ಉಂಡದ್ದು ಕರಗುವುದಿಲ್ಲ. ಆದರೆ ಅಳವಿ, ಅಂಟು ಎಲ್ಲರೂ ಹೇಳುವ ಮಾಲು. ನಾನು ವ್ಯಾಪಾರಸ್ಥ, ಎಲ್ಲರ ಅಂಗಡಿಯಲ್ಲಿ ಸಿಗುವ ಮಾಲನ್ನು ನಾನೂ ಇಟ್ಟರೆ ನನ್ನದೇನು ಹೆಚ್ಚುಗಾರಿಕೆ? ಹಾಗಾಗಿ ನಮ್ಮ ಅತ್ತೆಯವರಿಗೆ ಶಕ್ತಿ ಬರಲೆಂದು ನಾನು ಚೀನಾ ದೇಶದ ಬೇರು ತಂದೆ.

ಇಂಡಿಯಲ್ಲಿ ನನ್ನದು ನಿಂಬೆಹಣ್ಣಿನ ಅಡತಿ ಅಂಗಡಿ, ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವುದು. ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ಮಾರಿದವನು ನಾನು; ಅಪ್ಪ ಬಿಟ್ಟುಹೋದ ಗಾದಿಯ ಮೇಲೆ ಕುಳಿತವನಲ್ಲ. ಆದ್ದರಿಂದ ನನ್ನ ವಿದ್ಯೆಯೆಲ್ಲ ಎರಡು ಮಾತಿನದು. ಹೇಳಿದ ದರಕ್ಕೆ ಯಾವುದನ್ನೂ ಕೊಳ್ಳಬಾರದು, ಮತ್ತು ವ್ಯವಹಾರ ಕುದುರಿದ ಮೇಲೆ ಅಲ್ಲಿ ಒಂದು ಗಳಿಗೆಯೂ ನಿಲ್ಲಬಾರದು. ನಿಂತರೆ ಎದುರಿನವನಿಗೆ ವಿಚಾರ ಮಾಡಲು ವೇಳೆ ಸಿಗುತ್ತದೆ. ಇದನ್ನು ನೀವೂ ಬರೆದಿಟ್ಟುಕೊಳ್ಳಿ. ಎರಡನೆಯದರ ಮುಂದೆ ಮಾತ್ರ ಸ್ವಲ್ಪ ಜಾಗ ಖಾಲಿ ಬಿಡಿ.

ಅತ್ತೆ ಗೌರವ್ವ ಸಿಂದಗಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಮಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು, ಅಂದರೆ ನನ್ನ ಹೆಂಡತಿ ಕಸ್ತೂರಿಯನ್ನು, ರೊಟ್ಟಿ ಬಡಿದೇ ಬೆಳೆಸಿ ಮದುವೆ ಮಾಡಿದ ಹೆಣ್ಣುಮಗಳು. ಮೋರಟಗಿ, ಕನ್ನೊಳ್ಳಿಗಳಿಂದ ಕಚೇರಿ ಕೆಲಸಕ್ಕೆ ಬಂದವರು, ಲಾರಿಯವರು, ಸಂತೆಯವರು, ಎಲ್ಲರೂ ಅವರ ಪಂಕ್ತಿಯಲ್ಲಿ ಕುಳಿತವರೇ. ಆ ವರ್ಷ ದೀಪಾವಳಿ ಮುಗಿಯುತ್ತಲೇ ಅವರಿಗೆ ಟೈಫಾಯಿಡ್ ಬಂತು. ಜ್ವರವೇನೋ ಇಳಿಯಿತು, ಆದರೆ ಹೋಗುವಾಗ ಮೈಯಲ್ಲಿದ್ದ ಬಲವನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ರೊಟ್ಟಿ ಬಡಿಯುವ ಕೈ ನೀರಿನ ತಂಬಿಗೆ ಎತ್ತಿದರೆ ನಡುಗುತ್ತಿತ್ತು. ಕಸ್ತೂರಿ ಸಿಂದಗಿಗೆ ಹೋಗಿ ಒಲೆಯ ಮುಂದೆ ಕುಳಿತಳು. ನಾನು ಇಂಡಿಯಲ್ಲಿ ನಾನೇ ಮಾಡಿದ ಅನ್ನದ ಮುಂದೆ ಕುಳಿತೆ. ಯಾರ ಸ್ಥಿತಿ ಕಷ್ಟದ್ದೆಂದು ಆ ಅನ್ನ ನೋಡಿದವರಿಗೆ ಗೊತ್ತು. ಅದರ ಮೇಲೆ ಖಾನಾವಳಿಯ ಬಾಡಿಗೆ ಕಟ್ಟಡದ ಸಾಹುಕಾರರು ಹೇಳಿ ಕಳಿಸಿದ್ದರು, ಸಂಕ್ರಮಣದೊಳಗೆ ಒಂದು ಮಾತು ಹೇಳ್ರಿ, ಮುಂದ ನಡಸ್ತೀರೋ ಬಿಡ್ತೀರೋ, ಭಜಿ ಅಂಗಡಿ ಹಾಕಾಂವ ಒಬ್ಬಾಂವ ಜಾಗಾಕ್ಕ ಕಾಯಾಕತ್ತಾನ ಅಂತ. ಅತ್ತೆ ಯಾರಿಗೂ ಏನೂ ಹೇಳಲಿಲ್ಲ. ಒಳಕೋಣೆಯ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು, ಅಷ್ಟೇ. ಮಾತಿನಲ್ಲಿ ಸೋಲದ ಹೆಂಗಸು ಸುಮ್ಮನಾದರೆ ಮನೆಯೇ ಹೆದರುತ್ತದೆ.

ಇಂಥ ಹೊತ್ತಿನಲ್ಲಿ ದಸ್ತಗೀರ ಊರಿಗೆ ಬಂದ. ನನ್ನ ಸಾಲೆಯ ಗೆಳೆಯ; ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್. ನೀರಿಲ್ಲದ ಇಂಡಿಯಲ್ಲಿ ಹುಟ್ಟಿ ಅಷ್ಟು ನೀರಿನ ಮೇಲೆ ಹೊಟ್ಟೆ ಹೊರೆಯುವವನು ಅವನೊಬ್ಬನೇ ಇರಬೇಕು. ತಂಗಿಯ ಮದುವೆಗೆಂದು ರಜೆ ಹಾಕಿ ಬಂದವನು ನನ್ನನ್ನು ತನ್ನ ಮನೆಗೆ ಕರೆದು ಒಂದು ಕಟ್ಟಿಗೆಯ ಪೆಟ್ಟಿಗೆ ತೆರೆದ. ಒಳಗೆ ಕೆಂಪು ರೇಷ್ಮೆಯ ಮೇಲೆ, ಕೆಂಪು ದಾರದಲ್ಲಿ ಕಟ್ಟಿದ ಎರಡು ಬೇರು. ಎರಡಕ್ಕೂ ಕೈ, ಕಾಲು, ನಡು, ಗಡ್ಡದಂಥ ನಾರು.

"ಲೇ ಶಿವ್ಯಾ, ಇದಕ್ಕ ಜಿನ್ಸೆಂಗ್ ಅಂತಾರ. ನಮ್ಮ ಹಡಗಿನ ಅಡಿಗಿಯಾಂವ ಚೀನಾದಾಂವ. ದಿನಾ ಮುಂಜಾನಿ ಇದರದೊಂದು ತೆಳ್ಳನ ಚೂರು ಕತ್ತರಿಸಿ, ಮುಚ್ಚಳದ ಕಪ್ಪಿನ್ಯಾಗ ಹಾಕಿ, ಕುದಿಯೋ ನೀರು ಸುರೂತಾನ. ಕುಡದ ಮ್ಯಾಲೆ ಅದೇ ಚೂರಿಗೆ ಮತ್ತ ನೀರು. ಮತ್ತ ನೀರು. ಕಡೀಕ ಆ ಚೂರೂ ಅಗದು ನುಂಗ್ತಾನ."

ಆ ಅಡುಗೆಯವನ ಮೇಲೆ ನನಗೆ ಕೂಡಲೇ ಗೌರವ ಹುಟ್ಟಿತು. ಮಾಲನ್ನು ಹೇಗೆ ಬಳಸಬೇಕೆಂದು ತಿಳಿದ ಮನುಷ್ಯ. ಆದರೂ ಬೇರಿನಿಂದ ಏನಾಗುತ್ತದೆ ಎಂದು ಕೇಳಿದೆ. ಚೀನಾದವರ ಪ್ರಕಾರ ಮೈಯಲ್ಲಿ ಉಸಿರಿನಂತೆ ಓಡಾಡುವ ಒಂದು ಬಲ ಇರುತ್ತದಂತೆ, ಅದಕ್ಕೆ ಅವರು ‘ಚೀ’ ಎನ್ನುತ್ತಾರಂತೆ. ನನಗೆ ಅರ್ಥವಾಗಲಿಲ್ಲ ಎಂದು ಮುಖ ನೋಡಿಯೇ ಅವನಿಗೆ ತಿಳಿಯಿತು.

"ಎಂಜಿನ್‌ದಾಗ ಡೀಸೆಲ್ ತುಂಬಿರತೈತಿ. ಕಂಪ್ರೆಶನ್ ಇಲ್ಲಂದ್ರ ಎಳೀತೈತೇನು? ಇಲ್ಲ. ಊಟ ಅನ್ನೋದು ಡೀಸೆಲ್, ಈ ಚೀ ಅನ್ನೋದು ಕಂಪ್ರೆಶನ್. ಭಾಳ ದಿನ ಬ್ಯಾನಿ ಬಿದ್ದು ಎದ್ದವರಿಗೆ, ನಾಕ್ ಹೆಜ್ಜಿ ಇಟ್ರ ಏದುಸಿರು ಬರೋರಿಗೆ, ಬಾಯಿ ರುಚಿ ಹೋದವರಿಗೆ, ವಯಸ್ಸಾದವರಿಗೆ ಇದು."

"ಎಲ್ಲಾರೂ ತಿನಬಹುದೇನು?"

"ಏ, ಇಲ್ಲ. ಬಿಸಲಾಗ ಒಣಗ್ಸಿದ್ದು ಬಿಳೇದು, ಇವೆರಡೂ ಅವ, ಸೌಮ್ಯ. ಉಗಿಯಾಗ ಬೇಯಿಸಿ ಒಣಗ್ಸಿದ್ದು ಕೆಂಪಂದು, ಭಾಳ ಉಷ್ಣ. ಜ್ವರ ಇದ್ದಾಗ ಮುಟ್ಟಬಾರದು. ಸಂಜೀಕ ಕುಡದ್ರ ನಿದ್ದಿ ಹಾರಿಹೋಗತೈತಿ. ನಿನ್ನಂಥಾ ಬಿಸಿ ತಲಿಯವರಿಗಂತೂ ಬ್ಯಾಡಽ ಬ್ಯಾಡ. ದೊಡ್ಡ ಬ್ಯಾನಿ ಆದವರಿಗೆ ಅಂವ ಕೋಳಿ ಸಾರಿನ್ಯಾಗ ಇದನ್ನ ಹಾಕಿ..."

"ಸಾಕು," ಎಂದೆ. ನಮ್ಮ ಅತ್ತೆಯ ಮನೆಯಲ್ಲಿ ಲಿಂಗಪೂಜೆಯಾಗದೆ ಒಲೆ ಹೊತ್ತುವುದಿಲ್ಲ. ಕೋಳಿಯ ಹೆಸರು ಕೇಳಿದರೆ ಬೇರಷ್ಟೇ ಅಲ್ಲ, ಅಳಿಯನೂ ಹೊರಗೆ ಬೀಳುತ್ತಾನೆ.

ವ್ಯವಹಾರಕ್ಕೆ ಕುಳಿತೆವು. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಾರಲ್ಲ, ಹಾಗೆ ಟವೆಲ್ ಹಾಕಿಯೇ ಮಾತಾಡಿದೆವು. ಸಾಲೆಯಿಂದಲೂ ನಮಗೆ ಅದು ಚಟ. ಅವನ ತಂಗಿಯ ಮದುವೆಯ ಶರಬತ್ತಿಗೆ ನಿಂಬೆಹಣ್ಣು ನನ್ನದು, ಬೇರು ಅವನದು. ಅವನು ಪೂರ್ತಿ ಹಸ್ತ ಹಿಡಿದು ಐದು ಚೀಲ ಎಂದ. ನಾನು ಅವನ ಕಿರುಬೆರಳು ಮಾತ್ರ ಹಿಡಿದೆ. ಬೈದಾಟ, ನಗೆ, ತಾಯಿಯ ಆಣೆ ಎಲ್ಲ ಆಗಿ ನಡುವೆ ಎಲ್ಲೋ ಬಂದು ನಿಂತೆವು. ಕೊಸರಿಗೆ ಆ ಕಟ್ಟಿಗೆಯ ಪೆಟ್ಟಿಗೆಯನ್ನೂ ಕಸಿದುಕೊಂಡು ನಾನು ಎದ್ದುಬಿಟ್ಟೆ. "ಲೇ ನಿಲ್ಲಲೇ, ಇನ್ನೊಂದು ಮಾತೈತಿ," ಎಂದು ಅವನು ಹಿಂದಿನಿಂದ ಕೂಗಿದ. ನಿಂತಿದ್ದರೆ ಇನ್ನೊಂದು ಚೀಲ ಕೇಳುತ್ತಿದ್ದ. ನಾನು ಕೈ ಬೀಸಿ ಗಾಡಿ ಚಾಲೂ ಮಾಡಿದೆ.

ಕೊಂಡ ಮಾಲನ್ನು ಪರೀಕ್ಷೆ ಮಾಡದೆ ಮುಂದೆ ದಾಟಿಸುವವನು ನಾನಲ್ಲ. ಬಸವನ ಬಾಗೇವಾಡಿಯಲ್ಲಿ ಗುರುತಿನ ಪಂಡಿತರೊಬ್ಬರಿದ್ದರು, ನಾಡಿ ನೋಡಿ ಬೇರು-ನಾರು ಕೊಡುವವರು. ವಸೂಲಿಗೆ ಅತ್ತ ಹೋದಾಗ ಪೆಟ್ಟಿಗೆ ಮುಂದಿಟ್ಟೆ. ಮೂಸಿದರು, ನಾರಿನ ತುದಿ ಕಚ್ಚಿದರು, ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎನ್ನುವಷ್ಟರಲ್ಲಿ ಮಾತಾಡಿದರು.

"ನಮ್ಮ ಹಿರೇಮದ್ದಿನ ಬೇರಿಗೆ, ಅಂದ್ರ ಅಶ್ವಗಂಧಕ್ಕ, ಇದು ದೂರದ ಬೀಗ ಅನ್ರಿ. ಕುಲ ಬ್ಯಾರೆ, ಕಸಬು ಒಂದ. ಬಲಾ ಕೊಡೂದು."

"ಮತ್ತ ಫರಕು ಏನ್ರಿ ಪಂಡಿತರ?"

"ಹಿರೇಮದ್ದು ನಿದ್ದಿ ತರ್ತೈತಿ. ಇದು ನಿದ್ದಿ ಓಡಸ್ತೈತಿ ಅಂತ ನೀವ ಹೇಳಾಕತ್ತೀರಿ. ಹಂಗಾದ್ರ ಇದು ಹಗಲ ಪಾಳಿ, ಅದು ರಾತ್ರಿ ಪಾಳಿ." ಆಮೇಲೆ ಗಂಭೀರವಾದರು. "ಮೊದ್ಲ ಡಾಕ್ಟರ್‌ನ ಕೇಳ್ರಿ. ಜ್ವರ ಮೈಯಾಗ ಉಳದಿತ್ತಂದ್ರ, ಇಂಥಾವು ಮನಶ್ಯಾಗಲ್ಲ, ಜ್ವರಕ್ಕ ಬಲಾ ಕೊಡ್ತಾವ."

ಸಮುದ್ರದ ಮೇಲಿನ ಅಡುಗೆಯವನೂ ಬಾಗೇವಾಡಿಯ ಪಂಡಿತರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಮಾತು ಹೇಳಿದ್ದು ನನಗೆ ಬಹಳ ಸೋಜಿಗವಾಯಿತು. ಮಾಲು ಖರೆ ಎಂದು ನಂಬಿಕೆ ಬಂತು.

ಅಲ್ಲಿಂದ ಸಿಂದಗಿ ಬಸ್ಸು ಹತ್ತಿದೆ. ನನ್ನ ಕೈಚೀಲದಲ್ಲಿ ಯಾವಾಗಲೂ ನಿಂಬೆಹಣ್ಣು ಇರುತ್ತವೆ, ಹೋದಲ್ಲೆಲ್ಲ ಕೊಡಲಿಕ್ಕೆ; ಬೇರಿನ ಪೆಟ್ಟಿಗೆಯನ್ನೂ ಅದರಲ್ಲೇ ಇಟ್ಟಿದ್ದೆ. ಬಸ್ಸು ತುಂಬಿ ಕಿಟಕಿಯವರೆಗೆ ಜನ. ರಸ್ತೆಯ ತಗ್ಗೊಂದರಲ್ಲಿ ಬಸ್ಸು ಎಗರಿದ್ದೇ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಕೈಕಾಲುಳ್ಳ ಬೇರು ಕೆಂಪು ದಾರ ಸುತ್ತಿಕೊಂಡು ನಿಂಬೆಹಣ್ಣಿನ ನಡುವೆ ಅಂಗಾತ ಮಲಗಿತು. ಪಕ್ಕದಲ್ಲಿದ್ದ ಮೋರಟಗಿಯ ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು.

"ಯಪ್ಪಾ... ಯಾರ ಸಲುವಾಗಿ ಇದು?"

"ನಮ್ಮ ಅತ್ತಿ ಸಲುವಾಗಿ," ಎಂದೆ ನಾನು, ಇದ್ದದ್ದು ಇದ್ದ ಹಾಗೆ.

ಅಜ್ಜಿ ಎದ್ದಳು. ಅವಳ ಮಾತು ಸೀಟಿನಿಂದ ಸೀಟಿಗೆ ಹೋಗುವುದು ನನಗೆ ಕಣ್ಣಿಗೆ ಕಾಣುತ್ತಿತ್ತು. ಹೋದಲ್ಲೆಲ್ಲ ಜನ ಏಳುತ್ತಿದ್ದರು. ಕಂಡಕ್ಟರ್ ಟಿಕೆಟ್ಟನ್ನು ತೋಳು ಉದ್ದ ಮಾಡಿ ಕೊಟ್ಟ. ನಾನು ಸಿಂದಗಿಯವರೆಗೆ ಕಾಲು ಚಾಚಿ ಪ್ರಯಾಣ ಮಾಡಿದೆ. ಜಿನ್ಸೆಂಗಿನ ಈ ಉಪಯೋಗ ಚೀನಾದವರಿಗೂ ಗೊತ್ತಿರಲಾರದು.

ಖಾನಾವಳಿಯಲ್ಲಿ ಕಸ್ತೂರಿಯದೂ ಅದೇ ಕಥೆ. "ಏನ್ರಿ ಇದು! ಮಾಟದ ಗೊಂಬಿ ಮನಿಯಾಗ ತಂದೀರಲ್ಲ, ನಿಮಗ ಬುದ್ಧಿ ಐತೋ ಇಲ್ಲೋ!" ಎಂದು ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡಳು. ನಾನು ಕಂಪ್ರೆಶನ್, ಹಗಲ ಪಾಳಿ ಎಲ್ಲ ವಿವರಿಸಿದೆ. ಅತ್ತೆಯನ್ನು ನೋಡುತ್ತಿದ್ದ ಡಾಕ್ಟರರನ್ನು ಕೇಳಿದೆ. ಜ್ವರ ಪೂರಾ ಹೋಗಿದೆ, ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ, ತ್ರಾಸಾದರೆ ನಿಲ್ಲಿಸಿ ಎಂದರು. ಅತ್ತೆ ಬೇರನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು.

"ಬೆನ್ನು ಬಾಗೈತಿ, ಕಾಲಾಗ ಕಸುವಿಲ್ಲ. ಅಳಿಯಂದ್ರ, ಮೊದ್ಲ ಇದಕ್ಕ ಏನರ ಕುಡಸ್ರಿ, ಪಾಪ."

ಆದರೂ ಕುಡಿದರು. ಹೊಲದಲ್ಲಿ ಬಿದ್ದು ಬಾಯೊಳಗೆ ಮಣ್ಣು ಹೋದಂತಾಯಿತು ಎಂದರು. ಸ್ವಲ್ಪ ಹೊತ್ತಿನ ಮೇಲೆ ನಾಲಿಗೆಯ ತುದಿಗೆ ಸಿಹಿ ಬಂತು ಎಂದೂ ಒಪ್ಪಿದರು. ಕಸ್ತೂರಿ ದಿನಾ ಮುಂಜಾನೆ ಕೊಡತೊಡಗಿದಳು. ಸಂತೆಗೊಮ್ಮೆ ನಾನು ಹೋಗಿ ಮುಂದೆ ಕುಳಿತು ಬೆಳೆ ನೋಡುವ ರೈತನಂತೆ ಅವರ ಮುಖ ನೋಡುತ್ತಿದ್ದೆ.

"ಏನರ ಅನಸ್ತೈತೇನ್ರಿ ಅತ್ತಿಯವರ?"

"ಅನಸ್ತೈತಿ. ನೀವು ಹಿಂಗ ಮಾರಿ ನೋಡಕೋತ ಕುಂದ್ರೂದು ಬಿಟ್ರ ಛಲೋ ಅನಸ್ತೈತಿ."

ಮಾತು ಅಷ್ಟೇ, ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದರು. ಕೈಯ ನಡುಕ ಇದ್ದ ಹಾಗೇ ಇತ್ತು. ಸಂಕ್ರಮಣ ಹತ್ತಿರ ಬಂತು. ಭಜಿಯವನು ಆಗಲೇ ಒಂದು ಸಲ ಬಂದು ಗೋಡೆಯ ಉದ್ದ ಅಳೆದು ಹೋದನೆಂದು ಕಸ್ತೂರಿ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಒಲೆಯ ಹೊಗೆ ಎಂದಳು. ಆ ಒಲೆಯಿಂದ ಹೊಗೆಯೇ ಬರುತ್ತಿರಲಿಲ್ಲ.

ದಸ್ತಗೀರ ಹಡಗಿಗೆ ಮರಳುವ ಮೊದಲು ಅತ್ತೆಯನ್ನು ನೋಡಿ ಹೋಗುತ್ತೇನೆಂದು ನನ್ನ ಜೊತೆ ಸಿಂದಗಿಗೆ ಬಂದ. ನನ್ನ ಮದುವೆಯಿಂದ ಈಚೆ ರಜೆಗೆ ಬಂದಾಗಲೆಲ್ಲ ಅವರ ಕೈಯ ರೊಟ್ಟಿ ತಿಂದವನು. ಮಧ್ಯಾಹ್ನ ಒಳಕೋಣೆಯಲ್ಲೇ ನಮಗೆ ತಾಟು ಹಾಕಿದರು. ಅತ್ತೆಯ ತಾಟಿನಲ್ಲಿ ಅರ್ಧ ರೊಟ್ಟಿ, ಹೆಸರುಕಾಳಿನ ಪಲ್ಯ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಮೊಸರು. ಕೈಯಲ್ಲಿ ಎಲೆಯ ಸಮೇತ ಉದ್ದನೆಯ ಬಿಳಿ ಮೂಲಂಗಿ, ಪೊಲೀಸನ ಲಾಠಿಯ ಹಾಗೆ. ನಮ್ಮ ಕಡೆ ಚಳಿಗಾಲದಲ್ಲಿ ಹಸಿ ಮೂಲಂಗಿ ಇಲ್ಲದ ರೊಟ್ಟಿಯನ್ನು ಊಟವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಕಟಕ್ಕನೆ ಕಚ್ಚಿದರು. ದಸ್ತಗೀರನ ತುತ್ತು ಬಾಯಿಯ ಹತ್ತಿರ ನಿಂತಿತು.

"ಯಾ ಅಲ್ಲಾ! ಮೂಲಂಗಿ!"

"ಯಾಕ್ ತಮ್ಮಾ, ನಿನಗೂ ಬೇಕೇನು?"

"ಯವ್ವಾ, ಆ ಬೇರು ತಿನ್ನೋರು ಮೂಲಂಗಿ ಮುಟ್ಟಬಾರದು! ಬೇರು ಬಲಾ ಏರಸ್ತೈತಿ, ಮೂಲಂಗಿ ಇಳಸ್ತೈತಿ. ಚೀನಾದಾಗ ಬೇರು ಹೆಚ್ಚಾಗಿ ತ್ರಾಸಾದವರಿಗೆ ಅದನ್ನ ಇಳಸಾಕ ಮೂಲಂಗೀನ ಕೊಡ್ತಾರ. ಇದು ಒಂದು ಕೈಲೆ ಸೈಕಲ್ಲಿಗೆ ಗಾಳಿ ಹೊಡಕೋತ ಇನ್ನೊಂದು ಕೈಲೆ ವಾಲ್ವ್ ಬಿಚ್ಚಿದಂಗ ಆತಲ್ಲ!"

"ಮತ್ತ ಅವತ್ತ ಹೇಳಾಕ ನಿನಗೇನಾಗಿತ್ತೋ?" ಎಂದು ನಾನು ರೇಗಿದೆ.

"ಹೇಳಾಕಂತ ಕೂಗೀನಿ. ನೀ ಗಾಡಿ ಹತ್ತಿ ಓಡಿದಿ, ಕಳವು ಮಾಡ್ದಾಂವ ಓಡಿದಂಗ. ಚಹಾನೂ ನಡಿಯೂದಿಲ್ಲ, ಅದನ್ನೂ ಹೇಳಾವ ಇದ್ದೆ."

ಕಸ್ತೂರಿ ನನ್ನ ಕಡೆ ಒಂದು ನೋಟ ನೋಡಿದಳು. ಮದುವೆಯಾದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ, ಆಗದವರಿಗೆ ಈಗಲೇ ಹೆದರಿಸುವುದು ಬೇಡ.

ಅತ್ತೆಯ ಕೈಯಿಂದ ಮೂಲಂಗಿ ಕಸಿಯಲು ಹೋದೆ. ಅವರು ಹಿಡಿತ ಬಿಡಲಿಲ್ಲ. "ಆ ಚೀನಾದಾಂವ ಜ್ವಾಳದ ರೊಟ್ಟಿ ತಿಂತಾನೇನು?" ಎಂದು ದಸ್ತಗೀರನನ್ನು ಕೇಳಿದರು. ಇಲ್ಲ ಎಂದ. "ಹಂಗಾದ್ರ ಮೂಲಂಗಿ ಬಿಡು ಅನ್ನಾಕ ಅಂವಗೇನು ಕಷ್ಟ?" ನಾನು ಮುಂಜಾನೆ ಬೇರು, ಮಧ್ಯಾಹ್ನ ಮೂಲಂಗಿ ಎಂದು ಒಂದು ದರ ಹೇಳಿದೆ. ದಸ್ತಗೀರ ಆಗುವುದಿಲ್ಲ ಎಂದ. ದಿನ ಬಿಟ್ಟು ದಿನ ಎಂದೆ. ಅದೂ ಆಗುವುದಿಲ್ಲ ಎಂದ. ಅತ್ತೆ ನಮ್ಮಿಬ್ಬರನ್ನೂ ನೋಡುತ್ತಿದ್ದವರು, ಎಷ್ಟೋ ದಿನಗಳ ಮೇಲೆ ಕಣ್ಣಲ್ಲಿ ಸ್ವಲ್ಪ ಬೆಳಕು ತಂದುಕೊಂಡು, ತಮ್ಮ ದರ ಹೇಳಿದರು.

"ಮೂಲಂಗಿ ಬಿಡ್ತೇನಿ. ನೀವು ಚಹಾ ಬಿಡ್ರಿ."

"ಬೇರು ತಿನ್ನೋರು ನೀವು, ನಾ ಯಾಕ ಬಿಡ್ಲಿ?"

"ತಂದಾವ್ರು ನೀವು. ಇಲ್ಲೇ ಇದ್ದು ಕಾವಲಾ ಕಾಯಬೇಕು. ನೀವು ಆ ಕಡೆ ಹೋದ್ರ ನಾ ತಿಂತೇನಿ, ಈಗ ಹೇಳೇನಿ ನೋಡ್ರಿ. ಇದ್ದಾವ್ರು ಸುಮ್ನ ಕುಂದ್ರೂದು ಬ್ಯಾಡ, ಪಂಕ್ತಿಗೆ ಬಡಸ್ರಿ. ಹುಡುಗಿ ಒಬ್ಬಾಕಿ ಸಾಯಾಕತ್ತಾಳ."

ಅಡತಿಯಲ್ಲಿ ಇಷ್ಟು ವರ್ಷ ಕೂತಿದ್ದೇನೆ. ಒಂದು ಮೂಲಂಗಿಗೆ ಚಹಾ, ಅಂಗಡಿ ಮತ್ತು ಮೈಗೆಲಸ ಮೂರನ್ನೂ ಕೊಟ್ಟವರನ್ನು ನಾನು ಕಂಡಿರಲಿಲ್ಲ. ಒಪ್ಪಿಕೊಂಡೆ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಸಿಂದಗಿಯಲ್ಲಿ ಉಳಿದೆ.

ಬಡಿಸುವುದು ಸುಲಭದ ಕೆಲಸವೆಂದು ತಿಳಿದವರು ಒಮ್ಮೆ ಖಾನಾವಳಿಯಲ್ಲಿ ಸೆರಗೋ ಟವೆಲ್ಲೋ ಕಟ್ಟಿ ನಿಲ್ಲಬೇಕು. ನಾನು ಪಲ್ಯ ಕೇಳಿದವರಿಗೆ ಸಾರು, ಸಾರು ಕೇಳಿದವರಿಗೆ ಉಪದೇಶ ಬಡಿಸಿದೆ. ಹಿಂಡಿ ಕಡಿಮೆ ತಿನ್ನಿ, ಉಷ್ಣ ಎಂದೆ. ಕನ್ನೊಳ್ಳಿಯವನೊಬ್ಬ ಇನ್ನೊಂದು ರೊಟ್ಟಿ ಕೇಳಿದಾಗ ನನಗೇ ತಿಳಿಯದೆ ಅರ್ಧಕ್ಕೆ ಚೌಕಾಶಿ ಮಾಡಿದೆ. ಮುದ್ದೇಬಿಹಾಳದ ಒಬ್ಬ ಬಟ್ಟೆ ವ್ಯಾಪಾರಿ ವಾರಕ್ಕೆರಡು ಸಲ ಬಂದು ಊಟ ಮಾಡುತ್ತಿದ್ದರು; ಅವರ ಬಿಳಿ ಅಂಗಿಯ ತೋಳಿನ ಮೇಲೆ ಎಣ್ಣೆಗಾಯಿ ಇಳಿಸಿ, ಎಣ್ಣೆಯ ಕಲೆಗೆ ನಿಂಬೆಹಣ್ಣು ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟೆ.

ಇದೆಲ್ಲ ಒಳಕೋಣೆಗೆ ಕೇಳುತ್ತಿತ್ತು. ಮೊದಲು ಹೊರಸಿನ ಮೇಲಿನಿಂದ ಕೂಗು ಬಂತು: "ಅಳಿಯಂದ್ರ, ಮೊದ್ಲ ಉಪ್ಪು, ಉಪ್ಪಿನಕಾಯಿ! ಕುಂತವರ ಮುಂದ ಬರೇ ತಾಟು ಇಡಬಾರದ್ರಿ!" ಆಮೇಲೆ ಅತ್ತೆ ಎದ್ದು ಗೋಡೆ ಹಿಡಿದು ಬಾಗಿಲವರೆಗೆ ಬಂದು ನಿಂತು ಬೈದರು. ಇನ್ನೊಂದು ದಿನ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತು, ಬೈಯುವುದನ್ನು ಬಿಡದೆ ಮೆಂತ್ಯದ ಸೊಪ್ಪು ಸೋಸಿದರು. ನಾನು ತಪ್ಪು ಮಾಡಿದಷ್ಟೂ ಅವರ ದನಿ ಗಟ್ಟಿಯಾಗುತ್ತಿತ್ತು. ಬೈದು ಬೈದು ಹಸಿವಾಗಿ ಒಂದು ರೊಟ್ಟಿ ಪೂರ್ತಿ ಉಂಡರು. ಮುಂಜಾನೆ ಬೇರಿನ ನೀರೂ ನಡೆದಿತ್ತು, ಮೂಲಂಗಿ ಕಡೆ ಕಣ್ಣಿಟ್ಟು ಕಾವಲೂ ನಡೆದಿತ್ತು. ಆಗಾಗ ಅವರ ಕೈ ನೋಡುತ್ತಿದ್ದೆ. ತಂಬಿಗೆ ಎತ್ತಿದಾಗ ನೀರು ತುಳುಕುತ್ತಿರಲಿಲ್ಲ.

ಸಂಕ್ರಮಣದ ಮುಂಚಿನ ದಿನ ಕಟ್ಟಡದ ಸಾಹುಕಾರರು ಬಂದರು, ಹಿಂದೆ ಆ ಭಜಿಯವನೂ ಇದ್ದ. ಊಟದ ಹೊತ್ತು, ಪಂಕ್ತಿ ತುಂಬಿತ್ತು. ನಾನು ಒಂದೇ ಕೈಯಲ್ಲಿ ಎರಡು ಸಾರಿನ ಬಟ್ಟಲು ತರುವ ಹೊಸ ಸಾಹಸದಲ್ಲಿದ್ದೆ. ಒಂದು ಬಿತ್ತು. ಒಲೆಯ ಮುಂದಿದ್ದ ಕಸ್ತೂರಿ ಬೆಚ್ಚಿದಳು, ಅವಳ ಕೈಯಲ್ಲಿದ್ದ ರೊಟ್ಟಿ ಹರಿಯಿತು. "ಸರಿ, ಏಳು ಅತ್ತಾಗ!" ಎಂಬ ದನಿ ಕೇಳಿತು. ಅತ್ತೆ ಮಗಳನ್ನು ಬದಿಗೆ ಸರಿಸಿ, ಸೆರಗು ಸಿಕ್ಕಿಸಿ, ಹಿಟ್ಟಿನ ಮುದ್ದೆ ತೆಗೆದುಕೊಂಡು ಬಡಿಯತೊಡಗಿದರು. ಪಟ್ ಪಟ್ ಪಟ್. ಉಣ್ಣುವವರು ಉಣ್ಣುವುದು ಬಿಟ್ಟು ಕೇಳಿದರು. ಹಂಚಿಗೆ ಹಾಕಿದ ರೊಟ್ಟಿ ಉಬ್ಬಿತು. ಸಾಹುಕಾರರು ಬಾಗಿಲಲ್ಲಿ ನಿಂತು ನೋಡಿದರು.

"ಗೌರವ್ವ, ಅದೊಂದು ಮಾತು ಕೇಳಾಕ ಬಂದಿದ್ದೆ..."

"ಕೇಳೂದೇನೈತ್ರಿ ಸಾಹುಕಾರ್ರ? ಕುಂದರ್ರಿ, ಬಿಸಿ ರೊಟ್ಟಿ ಐತಿ. ಬರೋ ಭಜಿ ತಮ್ಮಾ, ನೀನೂ ಕುಂದ್ರು. ಉಂಡು ಹೋಗು."

ಕಸ್ತೂರಿ ಒಳಕೋಣೆಗೆ ಹೋದಳು. ಅವಳು ಅತ್ತದ್ದು ನನಗೆ ಕೇಳಿಸಿತು; ಈ ಸಲ ಹೊಗೆಯೆಂದು ಹೇಳುವ ಗೋಜಿಗೆ ಅವಳು ಹೋಗಲಿಲ್ಲ.

ಊಟ ಮುಗಿದ ಮೇಲೆ ನಾನು ಎಲ್ಲರೆದುರು ಬೇರಿನ ಮಹಿಮೆ ಹೇಳಲು ಕುಳಿತೆ. ಕಂಪ್ರೆಶನ್, ಬಿಳಿ ಬೇರು, ಕೆಂಪು ಬೇರು, ಮೂಲಂಗಿಯ ವೈರ, ಎಲ್ಲ. ಮುದ್ದೇಬಿಹಾಳದ ಬಟ್ಟೆ ವ್ಯಾಪಾರಿ ಬಹಳ ಗಮನವಿಟ್ಟು ಕೇಳಿದರು. ಅವರ ತಾಯಿಯೂ ಬೇನೆ ಬಿದ್ದು ಎದ್ದು, ಹಾಸಿಗೆ ಬಿಡದೆ ಮಲಗಿದ್ದರಂತೆ. ಎರಡನೆಯ ಬೇರು ಇನ್ನೂ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ನನಗೆ ಮೈಯೆಲ್ಲ ಹುರುಪು ಬಂತು. ಆದರೆ ಗಿರಾಕಿಯನ್ನು ಗಟ್ಟಿ ಮಾಡಲು ಒಂದು ಸಾಕ್ಷಿ ಬೇಕಲ್ಲ. ಅತ್ತೆಯ ಕಡೆ ತಿರುಗಿ, "ನೀವ ಹೇಳ್ರಿ ಅತ್ತಿಯವರ, ನಿಮ್ಮನ್ನ ಹಾಸಿಗಿಂದ ಎಬ್ಬಿಸಿದ್ದು ಏನು?" ಎಂದು ಕೇಳಿದೆ.

ಅತ್ತೆ ಕೈಯ ಹಿಟ್ಟು ತೊಳೆಯುತ್ತ ಸ್ವಲ್ಪ ವಿಚಾರ ಮಾಡಿದರು. "ಬೇರು ಛಲೋ ಐತಿ, ಇಲ್ಲನ್ನೂದಿಲ್ಲ. ಮೂಲಂಗಿ ಬಿಟ್ಟದ್ದೂ ಇರಬಹುದು. ಆದ್ರ ಖರೇ ಹೇಳ್ಲೇನ್ರಿ? ನೀವು ಬಡಸೂದು ನೋಡಕೋತ ಮಲಗಾಕ ನನ್ನ ಕೈಲೆ ಆಗ್ಲಿಲ್ರಿ."

ಪಂಕ್ತಿಯೆಲ್ಲ ನಕ್ಕಿತು. ನಾನು ಆ ನಗೆ ದಾಟಿಸಿ, ಪೆಟ್ಟಿಗೆಯನ್ನು ಮುದ್ದೇಬಿಹಾಳದವರ ಮುಂದೆ ಸರಿಸಿ, "ನೋಡ್ರಿ, ನಿಮ್ಮ ತಾಯಿಯವರಿಗಂತ ನಾನು..." ಎಂದು ಶುರುಮಾಡಿದೆ.

ಅವರು ಪೆಟ್ಟಿಗೆಯನ್ನು ನನ್ನ ಕಡೆಗೇ ಹಿಂದಕ್ಕೆ ಸರಿಸಿದರು. "ಬೇರು ಇರ್ಲಿ ಬಿಡ್ರಿ," ಎಂದು ಅತ್ತೆಯ ಕಡೆ ಕೈಮುಗಿದರು. "ಯವ್ವಾ, ನಮ್ಮ ಮನಿಗೆ ನಿಮ್ಮ ಅಳಿಯನ್ನ ನಾಕ್ ದಿನ ಕಳಸ್ರಿ. ನಮ್ಮವ್ವನ ಮುಂದ ಅಡಿಗಿ ಮನ್ಯಾಗ ಬಿಡ್ತೇನಿ. ಗ್ಯಾರಂಟಿ ಏಳ್ತಾಳ."

"ಒಯ್ರಿ," ಎಂದರು ಅತ್ತೆ. ಕಸ್ತೂರಿಯೂ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು. ನನಗೆ ಸಿಟ್ಟು ಬರಬೇಕಾಗಿತ್ತು. ಆದರೆ ಹೋಗಿ ಬರುವ ಬಸ್ಸಿನ ಚಾರ್ಜು ಯಾರದು ಎಂದು ನಾನು ಆಗಲೇ ಕೇಳಿಬಿಟ್ಟಿದ್ದೆ.